ಹತ್ತನೆಯ ಪುಟದ ಐದು

ನನ್ನ ಗಂಡನಿಗೆ ಕೆಂಪು ಯಾವುದು ಹಸಿರು ಯಾವುದು ಅಂತ ತಿಳಿಯುತ್ತಿರಲಿಲ್ಲ. ಅಂಥವರು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಕೆಲಸ ಮಾಡಿದರು. ಕೊನೆಯ ಒಂಬತ್ತು ವರ್ಷ ಬಣ್ಣದ ಮೇಸ್ತ್ರಿಯೇ ಆಗಿದ್ದರು. ಕೇಳಿ ನಗು ಬಂದರೆ ನಕ್ಕುಬಿಡಿ. ನನಗೂ ಮೊದಮೊದಲು ಬಂದಿತ್ತು.

ಅವರು ಹೋಗಿ ನಾಲ್ಕು ತಿಂಗಳಾಯಿತು. ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಒಳ್ಳೆಯವರೇ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ನನಗೆ ಜ್ವರ ಬಂದರೆ ಪಾತ್ರೆ ತಾವೇ ತೊಳೆಯುತ್ತಿದ್ದರು. ಒಂದೇ ಒಂದು ಸುಳ್ಳು ಹೇಳಿದರು. ಆ ಒಂದನ್ನು ಇಪ್ಪತ್ತೊಂದು ವರ್ಷ ಸಾಕಿದರು. ಸಾಕಿದ್ದು ಅವರು, ಮೇವು ಹಾಕಿದ್ದು ನಾನು.

ಕೆಲಸಕ್ಕೆ ಅರ್ಜಿ ಹಾಕುವಾಗ ಒಂದು ಪ್ರಶ್ನೆ ಇತ್ತಂತೆ. ಬಣ್ಣ ಗುರುತಿಸಲು ತೊಂದರೆ ಇದೆಯೇ? ಇವರು ಇಲ್ಲ ಅಂತ ಬರೆದರು. ಬರೆದರೆ ಮುಗಿಯಲಿಲ್ಲ, ಕಣ್ಣಿನ ಪರೀಕ್ಷೆ ಇತ್ತು. ಕಂಪನಿಯ ಡಾಕ್ಟರ ಹತ್ತಿರ ಒಂದು ಪುಸ್ತಕ. ಪುಟದ ತುಂಬ ಬಣ್ಣಬಣ್ಣದ ಚುಕ್ಕೆ, ಚುಕ್ಕೆಗಳ ನಡುವೆ ಒಂದು ಅಂಕಿ. ಕಣ್ಣು ಸರಿ ಇದ್ದವರಿಗೆ ಕಾಣುತ್ತದೆ, ಇವರಂಥವರಿಗೆ ಕಾಣುವುದಿಲ್ಲ. ಹಿಂದಿನ ದಿನ ಪರೀಕ್ಷೆ ಮುಗಿಸಿ ಬಂದಿದ್ದ ಗೆಳೆಯನೊಬ್ಬ ಹದಿನಾಲ್ಕು ಪುಟದ ಉತ್ತರವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಇವರು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಡಾಕ್ಟರು ಮೊದಲಿನಿಂದ ಒಂದೊಂದೇ ಪುಟ ತಿರುಗಿಸಿದರು, ಇವರು ಗಿಳಿಯ ಹಾಗೆ ಒಪ್ಪಿಸಿದರು. ಆ ಮಹಾನುಭಾವ ಕೊನೆಯ ಪುಟದಿಂದ ತಿರುಗಿಸಿದ್ದರೆ ನನ್ನ ಬಾಳು ಬೇರೆ ಥರ ಇರುತ್ತಿತ್ತು. ಆರು ತಿಂಗಳಿಗೆ ನಮ್ಮ ಮದುವೆಯಾಯಿತು. ಹುಡುಗನಿಗೆ ಕೆಲಸ ಇದೆ ಅಂತಲೇ ನನ್ನನ್ನು ಕೊಟ್ಟದ್ದು.

ಒಂದೂವರೆ ವರ್ಷ ನನಗೆ ಏನೂ ತಿಳಿಯಲಿಲ್ಲ. ಟೊಮ್ಯಾಟೊ ತನ್ನಿ ಅಂದರೆ ಅರ್ಧ ಹಣ್ಣು ಅರ್ಧ ಕಾಯಿ ತರುತ್ತಿದ್ದರು. ಬೇಜವಾಬ್ದಾರಿ ಅಂದುಕೊಂಡು ದಿನಾ ಬೈಯುತ್ತಿದ್ದೆ. ಒಂದು ಸಲ ನನಗೊಂದು ಶಾಲು ತಂದರು. "ನೀಲಿ ನಿನಗೆ ಇಷ್ಟ ಅಲ್ವಾ?" ಅಂದರು. ನೋಡಿದರೆ ನೇರಳೆ.

"ರೀ, ಕಣ್ಣೇನಾದ್ರೂ ಬಾಡಿಗೆಗೆ ಕೊಟ್ಟಿದ್ದೀರಾ?" ಅಂದೆ.

ತಮಾಷೆಗೆ ಅಂದದ್ದು. ಅವರ ಮುಖ ಸುಣ್ಣದ ಗೋಡೆಯಾಯಿತು. ಅಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದರು.

"ಮತ್ತೆ ಅಲ್ಲಿ ಹೇಗೆ ಕೆಲಸ ಮಾಡ್ತೀರಿ?"

"ಡ್ರಮ್ಮಿನ ಮುಚ್ಚಳದ ಮೇಲೆ ನಂಬರ್ ಇದೆ ಕಣೇ. ನಂಬರ್ ನೋಡಿ ಪುಡಿ ತೂಗ್ತೀನಿ. ಅರವತ್ತು ಡ್ರಮ್ಮೂ ಬಾಯಲ್ಲೇ ಇದೆ."

"ನೂಲು ತೊಟ್ಟಿಯಿಂದ ಎತ್ತಿದ ಮೇಲೆ ಸರಿಯಾಗಿದೆಯೋ ಇಲ್ಲವೋ ಅಂತ ನೋಡಬೇಕಲ್ಲ?"

ಅಂಗಿಯ ಜೇಬಿನಿಂದ ನಾಲ್ಕೈದು ಎಳೆ ನೂಲು ತೆಗೆದು ನನ್ನ ಮುಂದೆ ಹಿಡಿದರು. "ಇದರಲ್ಲಿ ಹಸಿರು ಯಾವುದು, ಸ್ವಲ್ಪ ಹೇಳೇ."

ಅವತ್ತು ಹೇಳಿದ್ದೇ ತಪ್ಪು. ಹೇಳಿದೆ. ಮಾರನೆಯ ದಿನ ಮರೆತರೆ ಕಷ್ಟ ಅಂತ ಎಳೆಗಳ ತುದಿಗೆ ಗಂಟೂ ಹಾಕಿಕೊಟ್ಟೆ. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ಕಂದಿಗೆ ಮೂರು. ಅಲ್ಲಿಂದ ಅದೇ ನನ್ನ ಕೆಲಸವಾಯಿತು. ಸಂಜೆ ಟಿಫನ್ ಡಬ್ಬಿಯ ಮುಚ್ಚಳದಲ್ಲಿ ನೂಲು ಬರುತ್ತಿತ್ತು, ಬೆಳಿಗ್ಗೆ ಗಂಟು ಬಿದ್ದು ಹೋಗುತ್ತಿತ್ತು. ಅವರ ಅಂಗಿಗಳ ಕಾಲರಿನ ಒಳಗೆ ಹೊಲಿಗೆ ಗುರುತು, ಕಾಲುಚೀಲಕ್ಕೆ ಗುರುತು. ಎರಡು ವರ್ಷಕ್ಕೊಮ್ಮೆ ಅದೇ ಡಾಕ್ಟರು ಬಂದು, ಕಾರ್ಖಾನೆಯ ಮ್ಯಾನೇಜರ ಬೀರುವಿನಲ್ಲಿದ್ದ ಅದೇ ಪುಸ್ತಕ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಅದರ ಹಿಂದಿನ ಸಂಜೆ ನಾನು ಹಿಟ್ಟು ಕಲಸುತ್ತಾ ಕೂತರೆ ಇವರು ಎದುರು ನಿಂತು ಒಪ್ಪಿಸಬೇಕು. ತಪ್ಪಿದರೆ ನಾನು ತಿದ್ದಬೇಕು. ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿಗೆ ಬಿಟ್ಟವಳು ನಾನು. ಮಗ್ಗಿ ಏಳರ ಮೇಲೆ ಬರುವುದಿಲ್ಲ. ಆ ಹದಿನಾಲ್ಕು ಉತ್ತರ ಮಾತ್ರ ಸತ್ತರೂ ಮರೆಯುವುದಿಲ್ಲ.

ಹತ್ತನೆಯ ಪುಟದ್ದೊಂದು ಕಥೆ. ಅಲ್ಲಿ ಏನೂ ಇಲ್ಲ ಅನ್ನಬೇಕಿತ್ತು. ಒಳ್ಳೆಯ ಕಣ್ಣಿಗೆ ಅಲ್ಲಿ ಬರೀ ಚುಕ್ಕೆ. ಇವರಿಗೋ, ಇಡೀ ಪುಸ್ತಕದಲ್ಲಿ ಅಲ್ಲೊಂದೇ ಕಡೆ ಅಂಕಿ ನಿಚ್ಚಳವಾಗಿ ಕಾಣುತ್ತಿತ್ತು. "ಐದು ಕಣೇ. ದಪ್ಪಗೆ, ಎದ್ದು ಬರೋ ಹಾಗಿದೆ," ಅನ್ನುತ್ತಿದ್ದರು. ಕಾಣದ್ದನ್ನೆಲ್ಲ ಕಾಣುತ್ತದೆ ಅಂದು, ಕಾಣುವ ಒಂದನ್ನು ಇಲ್ಲ ಅಂದು ಬರುತ್ತಿದ್ದರು. ನನಗೆ ರೇಗುತ್ತಿತ್ತು.

"ಸಾಕು ಬಿಡಿ ಈ ಕೆಲಸ. ಲಾರಿಗೆ ಮೂಟೆ ಹೊರೋಕೆ ಯಾವ ಬಣ್ಣ ಬೇಕು?"

"ಆಗಲಿ, ಇನ್ನೊಂದು ವರ್ಷ ನೋಡೋಣ," ಅನ್ನುತ್ತಿದ್ದರು.

ಹಾಗಂತ ಹಾಗಂತಲೇ ಮೇಸ್ತ್ರಿಯಾದರು. ನಂಬರು, ತೂಕ, ನೀರಿನ ಬಿಸಿ, ಒಂದರಲ್ಲೂ ಅವರು ತಪ್ಪಿದವರಲ್ಲ. ಸಿಕ್ಕಿಬೀಳುವ ಭಯ ಇದ್ದವನು ಎಚ್ಚರವಾಗಿರುತ್ತಾನೆ ನೋಡಿ. ಬಣ್ಣ ನೋಡುವುದಕ್ಕೆ ಒಬ್ಬ ಸಹಾಯಕ ಸಿಕ್ಕಿದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಎಲ್ಲರೂ ಏಣಿ ಅನ್ನುತ್ತಿದ್ದರು. ಹೆಂಡತಿ, ಎರಡು ಮಕ್ಕಳಿದ್ದ ಮನುಷ್ಯ. ಇವರನ್ನು ಅಣ್ಣ ಅನ್ನುತ್ತಿದ್ದ, ನನ್ನನ್ನು ಅತ್ತಿಗೆ. ಇವರು ನೂಲಿನ ಎಳೆ ಎತ್ತಿ ಹಿಡಿದು, "ಏಣಿ, ಬಾ ಇಲ್ಲಿ. ನಿನ್ನ ಕಣ್ಣು ಎಷ್ಟು ಚುರುಕು ನೋಡೋಣ. ಇದು ಸರಿ ಬಂದಿದೆಯಾ?" ಅನ್ನುವರು. ಅವನು ನೋಡಿ ಹೇಳುವನು. "ಭೇಷ್, ಕಲಿತೆ," ಅಂತ ಇವರು ಬೆನ್ನು ತಟ್ಟುವರು. ಮೇಸ್ತ್ರಿ ಎಷ್ಟು ಚೆನ್ನಾಗಿ ಕೆಲಸ ಕಲಿಸುತ್ತಾರೆ ಅಂತ ಅವನು ಊರೆಲ್ಲ ಹೊಗಳಿದ. ನಾನು ಕೇಳಿ ತಲೆ ಚಚ್ಚಿಕೊಂಡೆ.

ಹೋದ ವರ್ಷ ತಂಗಿಯ ಹೆರಿಗೆ ಅಂತ ನಾನು ಎಂಟು ದಿನ ಅವಳ ಮನೆಗೆ ಹೋಗಿದ್ದೆ. ಆ ಎಂಟು ದಿನದಲ್ಲಿ ಆಗಬಾರದ್ದು ಆಯಿತು.

ಶನಿವಾರ ಏಣಿ ಡ್ರಮ್ಮುಗಳ ಮುಚ್ಚಳ ತೊಳೆದಿಟ್ಟ. ವಾಪಸು ಹಾಕುವಾಗ ಎರಡು ಮುಚ್ಚಳ ಅದಲು ಬದಲಾದವು. ಕಡು ಹಸಿರಿನ ಡ್ರಮ್ಮಿಗೆ ಕಂದಿನ ನಂಬರು, ಕಂದಿಗೆ ಹಸಿರಿನದು. ಇದು ಅಲ್ಲಿ ಹತ್ತು ಸಲ ಆಗಿದೆ. ಕಣ್ಣಿದ್ದವನು ಮುಚ್ಚಳ ತೆಗೆದ ತಕ್ಷಣ, "ಏ ಮಾರಾಯ, ಅದಲು ಬದಲು ಮಾಡಿದ್ದೀಯ," ಅಂತ ನಕ್ಕು ಸರಿ ಮಾಡುತ್ತಾನೆ. ಇವರು ಸೋಮವಾರ ನಂಬರು ನೋಡಿದರು, ಪುಡಿ ತೂಗಿದರು, ತೊಟ್ಟಿಗೆ ಹಾಕಿದರು. ಶಾಲೆಯ ಮಕ್ಕಳ ಸ್ವೆಟರಿಗೆ ಆರುನೂರು ಕಿಲೋ ಹಸಿರು ನೂಲು. ಆಗಿದ್ದು ಕಂದು.

ಆ ಹೊತ್ತಿಗೆ ಏಣಿಯನ್ನು ಲಾರಿ ಇಳಿಸಲು ಕಳಿಸಿದ್ದರು. ತೊಟ್ಟಿಯ ನೂಲನ್ನು ಒಂದು ಎಳೆ ಕತ್ತರಿಸಿ ಕಾರ್ಡಿಗೆ ಅಂಟಿಸಿ, ಬಣ್ಣ ಸರಿ ಇದೆ ಅಂತ ಮೇಸ್ತ್ರಿ ಸಹಿ ಹಾಕಬೇಕು. ಆ ಸಹಿ ಬಿದ್ದರೇ ಮುಂದಿನ ಕೆಲಸ. ಕೇಳಲು ಏಣಿ ಇಲ್ಲ, ಮನೆಗೆ ತರೋಣ ಅಂದರೆ ನಾನಿಲ್ಲ. ಇವರು ಏನು ಮಾಡಿದರು ಗೊತ್ತೇ? ಜೇಬಿನಲ್ಲಿದ್ದ ಹಳೆಯ ಹಸಿರು ಎಳೆ, ನಾನು ಎರಡು ಗಂಟು ಹಾಕಿಕೊಟ್ಟದ್ದು, ಅದನ್ನೇ ಕಾರ್ಡಿಗೆ ಅಂಟಿಸಿ ಸಹಿ ಹಾಕಿದರು. ನಂಬರು ಸರಿ ಇದೆ, ಬಣ್ಣ ಎಲ್ಲಿಗೆ ಹೋದೀತು, ಕಾರ್ಡಿಗೆ ಮಾತ್ರ ಖಂಡಿತ ಹಸಿರು ಅಂತ ಗೊತ್ತಿರುವುದೇ ಇರಲಿ ಅಂತ. ಸಂಜೆ ಏಣಿ ಬಂದು, ನೀರು ಬಸಿದು, ನೂಲು ಎತ್ತಿ ಒಣಗುವ ಕೋಣೆಗೆ ಹಾಕಿದ. ಕಂದು ಕಂಡಿತು. ಯಾವ ಗಿರಾಕಿಯದೋ ಕಂದು ಅಂದುಕೊಂಡ. ಕಾರ್ಡು ಆಗಲೇ ಆಫೀಸು ಸೇರಿತ್ತು. ಸಹಿ ಬಿದ್ದಿದೆ, ಅಣ್ಣ ನೋಡಿದ್ದಾರೆ ಅಂದರೆ ಅವನ ಪಾಲಿಗೆ ಮುಗಿಯಿತು.

ಸ್ವೆಟರಿನವರಿಂದ ಮೂಟೆ ಎಲ್ಲ ವಾಪಸು ಬಂತು. ಮ್ಯಾನೇಜರು ವಿಚಾರಣೆ ಇಟ್ಟರು. ಕಾರ್ಡು ತೆಗೆದರು. ಅದರಲ್ಲಿ ಹಸಿರು. ಮೂಟೆ ಬಿಚ್ಚಿದರು. ಅದರಲ್ಲಿ ಕಂದು.

"ಮೇಸ್ತ್ರಿ, ನೀವು ಕಣ್ಣಾರೆ ನೋಡಿ ಸಹಿ ಹಾಕಿದ್ರಾ?"

"ನೋಡಿದೆ ಸಾರ್."

ನೋಡಿದ್ದು ಸುಳ್ಳೇನಲ್ಲ. ನೋಡಿದರು.

"ಅವರ ಕಣ್ಣಿನ ಪರೀಕ್ಷೆ ಇಪ್ಪತ್ತು ವರ್ಷದಿಂದ ಹದಿನಾಲ್ಕಕ್ಕೆ ಹದಿನಾಲ್ಕು. ಮೇಸ್ತ್ರಿ ನೋಡಿದಾಗ ಹಸಿರಿದ್ದ ನೂಲು ಆಮೇಲೆ ಕಂದಾಗಿದೆ. ಆಮೇಲೆ ತೊಟ್ಟಿ ಹತ್ತಿರ ಇದ್ದವನು ನೀನೊಬ್ಬನೇ. ಏನು ಸುರಿದೆ, ಯಾರು ಹೇಳಿಕೊಟ್ಟರು?" ಅಂತ ಮ್ಯಾನೇಜರು ಏಣಿಯನ್ನು ಕೇಳಿದರು.

ಏಣಿ ಇವರ ಮುಖ ನೋಡಿದನಂತೆ. ಇವರು ನೆಲ ನೋಡಿದರಂತೆ. ಬೇಕೆಂದೇ ಮಾಲು ಕೆಡಿಸಿದ ಅಂತ ಬರೆದು ಅವನನ್ನು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನಾನು ಊರಿನಿಂದ ಬಂದು ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ, ಇವರು ಇಷ್ಟನ್ನೂ ಹೇಳಿದರು.

"ಹತ್ತಿದ ಏಣೀನೇ ಒದ್ದಿದ್ದೀರಲ್ರೀ!" ಅಂದೆ. "ನಾಳೆ ಹೋಗಿ ನಿಜ ಹೇಳಿ. ನಿಮ್ಮ ಕೆಲಸ ಹೋದರೆ ಹೋಗಲಿ. ನಮಗೇನು, ಇಬ್ಬರದು ಎರಡು ಹೊಟ್ಟೆ."

"ನಾಳೆ ಹೇಳ್ತೀನಿ."

ನಾಳೆ ಮಾಲೀಕರು ಬರುತ್ತಾರೆ. ಮುಂದಿನ ವಾರ ಲೆಕ್ಕ ತಪಾಸಣೆ. ಆಮೇಲೆ ಮ್ಯಾನೇಜರಿಗೆ ಮೈ ಸರಿ ಇಲ್ಲ. ನಾಳೆ ಅಂದವನ ಮನೆ ಹಾಳು ಅಂತಾರೆ. ಇಲ್ಲಿ ಹಾಳಾದದ್ದು ಇನ್ನೊಬ್ಬನ ಮನೆ. ನಾನು ದಿನಾ ಕೇಳಿದೆ. ಬೈದೆ. ಒಂದು ವಾರ ಮಾತು ಬಿಟ್ಟೆ. ಅದರಿಂದ ಅವರಿಗೆ ಒಳ್ಳೆಯದೇ ಆಯಿತು, ಕೇಳುವವರು ಇಲ್ಲವಾದರು.

ಎರಡು ತಿಂಗಳ ಮೇಲೆ ಏಣಿ ಮನೆಗೆ ಬಂದ. ಕೈಯಲ್ಲಿ ಒಂದು ಅರ್ಜಿ, ಬೇರೆ ಕಾರ್ಖಾನೆಯದು.

"ಅಣ್ಣಾ, ಹಿಂದಿನ ಕೆಲಸ ಯಾಕೆ ಬಿಟ್ಟೆ ಅಂತ ಕೇಳಿದ್ದಾರೆ. ಏನು ಬರೀಲಿ?"

ನಾನು ಟೀ ಲೋಟ ಅವನ ಮುಂದಿಟ್ಟೆ. ಇವರು ಗಂಟಲು ಸರಿ ಮಾಡಿಕೊಂಡು, "ಸಂಬಳ ಸಾಲಲಿಲ್ಲ ಅಂತ ಬರಿಯಪ್ಪ," ಅಂದರು.

"ಸುಳ್ಳಲ್ವಾ ಅಣ್ಣ? ನಾಳೆ ಫೋನ್ ಮಾಡಿ ವಿಚಾರಿಸಿದರೆ ಸಿಕ್ಕಿಹಾಕ್ಕೊಳ್ತೀನಿ. ಇದ್ದದ್ದು ಬರೀತೀನಿ. ಮಾಲು ಕೆಡಿಸಿದ ಅಂತ ತೆಗೆದರು, ನಾನು ಕೆಡಿಸಿಲ್ಲ. ಅಷ್ಟೇ."

ನಮ್ಮ ಮನೆಯ ಮೇಜಿನ ಮುಂದೇ ಕೂತು, ಇವರ ಪೆನ್ನಿನಲ್ಲೇ ಬರೆದ. ಯಾರು ಕೆಲಸ ಕೊಡುತ್ತಾರೆ? ಹಾಗೆ ಐದು ಕಡೆ ಬರೆದ, ಐದು ಕಡೆಯೂ ಇಲ್ಲ ಅಂದರು. ಸುಳ್ಳು ಬರೆದವರು ಮೇಸ್ತ್ರಿ, ನಿಜ ಬರೆದವನು ಮನೆಯಲ್ಲಿ. ಅವನ ಹೆಂಡತಿ ಮೂರು ಮನೆ ಕಸಮುಸುರೆಗೆ ಹೋಗಲು ಶುರು ಮಾಡಿದಳು.

ನಾನು ಅವತ್ತು ಟೀ ಕೊಟ್ಟೆ. ಬಾಯಿ ಬಿಡಲಿಲ್ಲ. ಇದನ್ನೂ ಬರೆಯಬೇಕು.

ಏಳನೆಯ ತಿಂಗಳು, ಒಂದು ಶುಕ್ರವಾರ. "ಸೋಮವಾರ ಖಂಡಿತ ಹೇಳ್ತೀನಿ, ನಿನ್ನಾಣೆ," ಅಂದು ಕೆಲಸಕ್ಕೆ ಹೋದರು. ಸಂಜೆ ಬಸ್ಸು ನಿಲ್ಲುವ ಕಡೆ ಎದೆ ಹಿಡಿದುಕೊಂಡು ಕೂತವರು ಮೇಲೇಳಲಿಲ್ಲ. ಯಾರೋ ಅವರ ಚೀಲ ತಂದುಕೊಟ್ಟರು. ಟಿಫನ್ ಡಬ್ಬಿ, ಒಂದು ಕಿಲೋ ಟೊಮ್ಯಾಟೊ. ಮುಕ್ಕಾಲು ಪಾಲು ಕಾಯಿ.

ಆ ಟೊಮ್ಯಾಟೊ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ವಾರಕ್ಕೆ ಎಲ್ಲ ಹಣ್ಣಾದವು. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಇಪ್ಪತ್ತು ದಿನದ ಮೇಲೆ ಮ್ಯಾನೇಜರು ಹೇಳಿಕಳಿಸಿದರು. ಹೋದೆ. ಗಾಜಿನ ಮೇಜು, ಗೋಡೆಗೆ ಬೀರು, ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಕೂರಿಸಿ ನೀರು ಕೊಟ್ಟರು.

"ನೋಡಮ್ಮ, ನಿಮ್ಮ ಯಜಮಾನರಂಥ ಕೆಲಸಗಾರ ಸಿಗೋದಿಲ್ಲ. ಮಾಲೀಕರು ನಿಮಗೆ ಪ್ಯಾಕಿಂಗ್‌ನಲ್ಲಿ ಕೆಲಸ ಕೊಡಿ ಅಂದಿದ್ದಾರೆ. ಈ ಅರ್ಜಿಗೆ ಸಹಿ ಹಾಕಿ ಸಾಕು, ಉಳಿದದ್ದು ನಾನು ತುಂಬಿಸ್ತೀನಿ."

ಅರ್ಜಿ ನೋಡಿದೆ. ನಿಧಾನವಾಗಿ ಓದುತ್ತೇನೆ, ಆದರೆ ಓದುತ್ತೇನೆ. ಮೂರನೆಯ ಸಾಲಿನಲ್ಲಿ ಅದೇ ಪ್ರಶ್ನೆ. ಬಣ್ಣ ಗುರುತಿಸಲು ತೊಂದರೆ ಇದೆಯೇ? ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಆ ಕಾಗದದ ಮೇಲೋ, ಸತ್ತವರ ಮೇಲೋ, ನನ್ನ ಮೇಲೋ, ಗೊತ್ತಾಗಲಿಲ್ಲ.

"ಸಾರ್, ನನ್ನ ಯಜಮಾನರಿಗೆ ಕೆಂಪು ಹಸಿರು ಕಾಣ್ತಿರಲಿಲ್ಲ. ಆ ನೂಲು ಕೆಡಿಸಿದ್ದು ಅವರು. ಏಣಿ ಅಲ್ಲ."

ಮ್ಯಾನೇಜರು ನೀರಿನ ಲೋಟ ನನ್ನ ಕಡೆ ಸರಿಸಿದರು. "ದುಃಖದಲ್ಲಿದ್ದೀರಿ ಅಮ್ಮ. ಮನೆಗೆ ಹೋಗಿ ಸ್ವಲ್ಪ ಮಲಗಿ," ಅಂದರು.

"ಮಲಗಿ ಎದ್ದೇ ಬಂದಿದ್ದೀನಿ. ಆ ಕಾರ್ಡು ತೆಗೀರಿ. ಹಸಿರು ಎಳೆಯ ತುದಿಗೆ ಎರಡು ಗಂಟು ಇರುತ್ತೆ. ಹಾಕಿದವಳು ನಾನು."

ಬೀರು ತೆರೆದು ಕಾರ್ಡು ತೆಗೆದರು. ಕನ್ನಡಕ ಹಾಕಿಕೊಂಡು ನೋಡಿದರು. ಗಂಟು ಇತ್ತು.

"ಗಂಟು ಯಾರು ಬೇಕಾದರೂ ಹಾಕ್ತಾರೆ ಬಿಡಿ. ಅವರ ಕಣ್ಣಿನ ಪರೀಕ್ಷೆ ನನ್ನ ಎದುರಿಗೇ ಆಗಿದೆ. ಹತ್ತು ಸಲ."

ನನಗೆ ಆಗ ಗೊತ್ತಾಯಿತು. ನನ್ನ ಮಾತು ನಿಜವಾದರೆ ಈ ಮ್ಯಾನೇಜರ ತಲೆಯೂ ತಗ್ಗುತ್ತದೆ. ಅದಕ್ಕೇ ಬೇಡ ಅನ್ನುತ್ತಿದ್ದಾರೆ.

"ಬೀರುವಿನಲ್ಲಿರೋ ಆ ಕಣ್ಣಿನ ಪುಸ್ತಕ ತೆಗೀರಿ ಸಾರ್," ಅಂದೆ. ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತೆ. "ಮೊದಲಿನಿಂದ ತಿರುಗಿಸಿ. ಹದಿನಾಲ್ಕು. ಆರು. ಮೂವತ್ತೈದು. ಎಂಟು. ಎಪ್ಪತ್ತೆರಡು. ಮೂರು. ನಲವತ್ತಾರು. ಒಂಬತ್ತು. ಇಪ್ಪತ್ತೇಳು."

ಹಿಂದೆ ಪುಟ ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಅಡುಗೆಮನೆ ಕಣ್ಣಮುಂದೆ ಬಂತು. ಹಿಟ್ಟಿನ ಕೈ, ಎದುರು ಕೈಕಟ್ಟಿ ನಿಂತ ಅವರು. ನಿಲ್ಲಿಸಲಿಲ್ಲ.

"ಹತ್ತನೇದರಲ್ಲಿ ಏನೂ ಇಲ್ಲ. ನಿಮಗೂ ಕಾಣಲ್ಲ. ನನಗೂ ಕಾಣಲ್ಲ. ಅವರಿಗೆ ಮಾತ್ರ ಅಲ್ಲಿ ಐದು ಕಾಣ್ತಿತ್ತು."

ಸದ್ದು ನಿಂತಿತು.

"ಚೀಟಿ ಸಿಕ್ಕಿದರೆ ಯಾರು ಬೇಕಾದರೂ ಬಾಯಿಪಾಠ ಮಾಡಬಹುದಮ್ಮ," ಅಂದರು. ದನಿ ಮೊದಲಿನ ಹಾಗಿರಲಿಲ್ಲ. "ಇಲ್ಲಿ ಐದು ಅಂತೂ ಇಲ್ಲ."

"ಡಾಕ್ಟರು ಓದಿಕೊಳ್ಳೋಕೆ ಹಿಂದೆ ಏನಾದರೂ ಬರೆದಿರಬೇಕಲ್ಲ, ನೋಡಿ."

ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿದರು. ತುಂಬ ಹೊತ್ತು ಓದಿದರು. ನಾನು ಕುರ್ಚಿ ತಿರುಗಿಸಿದೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ನಾನು ಕೇಳಿದ್ದಕ್ಕೆ ಗಟ್ಟಿಯಾಗಿ ಓದಿದರು. ಹತ್ತನೆಯ ಪುಟ. ದೃಷ್ಟಿ ಸರಿ ಇರುವವರಿಗೆ ಯಾವ ಅಂಕಿಯೂ ಕಾಣುವುದಿಲ್ಲ. ಕೆಂಪು ಹಸಿರು ತಿಳಿಯದವರಿಗೆ ಐದು ಕಾಣುತ್ತದೆ.

"ಹೋದವರ ಹೆಸರು ಯಾಕಮ್ಮ ಕೆಡಿಸ್ತೀರಿ?" ಅಂದರು ಕೊನೆಗೆ.

"ಇರುವವನ ಹೆಸರು ಕೆಟ್ಟಿದೆ ಸಾರ್. ಅದನ್ನು ಮೊದಲು ಸರಿ ಮಾಡಿ."

ಅರ್ಜಿಗೆ ಸಹಿ ಹಾಕದೆ ಎದ್ದು ಬಂದೆ. ಆ ಪ್ಯಾಕಿಂಗ್ ಕೆಲಸದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಈಗ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅಲ್ಲಿ ಅರ್ಜಿ ತುಂಬಿಸಿಕೊಟ್ಟ ಹೆಂಗಸು, "ಏಳನೇ ಕ್ಲಾಸು ಅಂತ ಬರೀತೀನಿ ಅಕ್ಕ, ಯಾರು ನೋಡ್ತಾರೆ?" ಅಂದಳು. ಅವಳಿಗೆ ನಾನು ಏನಂದೆ ಅಂತ ಇಲ್ಲಿ ಬರೆಯುವುದು ಬೇಡ. ನಾಲ್ಕು ಅಂತ ಬರೆದಳು.

ಏಣಿಗೆ ಕಾಗದ ಹೋಯಿತು. ತಪ್ಪು ನಿನ್ನದಲ್ಲ, ಕೆಲಸಕ್ಕೆ ಬಾ ಅಂತ. ಒಂದು ವಾರ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಗೆ ಬಂದ. ಬಾಗಿಲಲ್ಲೇ ನಿಂತ.

"ಒಳಗೆ ಬಾ."

"ಬರಲ್ಲ ಅತ್ತಿಗೆ. ಒಂದು ಮಾತು ಕೇಳೋಕೆ ಬಂದೆ. ಅಣ್ಣ ಹೇಳಲಿಲ್ಲ, ಹೆದರಿದರು, ಬಿಡಿ. ನಿಮಗೂ ಗೊತ್ತಿತ್ತು. ಈ ಮೇಜಿನ ಮುಂದೆ ಕೂತು ನಾನು ಅರ್ಜಿ ಬರೆದೆ, ನೀವು ಟೀ ಕೊಟ್ರಿ. ಏಳು ತಿಂಗಳು ಅತ್ತಿಗೆ. ನನ್ನ ಮಕ್ಕಳ ಮುಂದೆ ನನ್ನ ಹೆಂಡತಿ ಕೇಳಿದಳು, ನಿಜವಾಗಿ ನೀವೇ ಮಾಡಿದ್ರಾ ಅಂತ."

"ತಪ್ಪಾಯಿತು" ಅಂದೆ. ಆ ಮಾತಿಗೆ ಎಷ್ಟು ತೂಕ, ನನಗೇ ಗೊತ್ತು.

ಅವನು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಮೊಳೆಗೆ ಇವರ ಅಂಗಿ ಇನ್ನೂ ತೂಗುಹಾಕಿದ್ದೆ. ಅದರ ಕಾಲರಿನ ಹೊಲಿಗೆ ಗುರುತನ್ನೇ ನೋಡುತ್ತಿದ್ದ.

"ಆ ಪುಸ್ತಕ ನಾನೂ ಕೇಳಿ ನೋಡಿದೆ," ಅಂದ. "ಹತ್ತನೇ ಪುಟ. ಎಷ್ಟು ಹೊತ್ತು ನೋಡಿದರೂ ಐದು ಕಾಣಲಿಲ್ಲ. ಅಣ್ಣನಿಗೆ ನಿಜವಾಗಿ ಕಾಣ್ತಿತ್ತಾ?"

"ಕಾಣ್ತಿತ್ತಂತೆ. ದಪ್ಪಗೆ."

"ಥೂ," ಅಂದ. "ಅದೊಂದನ್ನ ಹೇಳಿಬಿಟ್ಟಿದ್ದರೆ ಸಾಕಿತ್ತಲ್ಲ ಅತ್ತಿಗೆ."

"ಹೇಳಿದ್ದರೆ ಕೆಲಸ ಸಿಗ್ತಿರಲಿಲ್ಲ. ಕೆಲಸ ಸಿಗದಿದ್ದರೆ ನನ್ನ ಕೊಡ್ತಿರಲಿಲ್ಲ. ನನ್ನ ಬಾಯಿ ಕೇಳೋದು ತಪ್ಪುತ್ತಿತ್ತು, ಇನ್ನೂ ಬದುಕಿರುತ್ತಿದ್ದರೋ ಏನೋ."

ಅವನು ನಗಲಿಲ್ಲ. ತಲೆ ತಗಲದ ಹಾಗೆ ಬಗ್ಗಿ ಒಳಗೆ ಬಂದು ಅದೇ ಮೇಜಿನ ಹತ್ತಿರ ಕೂತ. ನಾನು ಟೀಗೆ ನೀರಿಟ್ಟೆ.